ಅಪ್ಪನ ಕೀರ್ದಿ ಪುಸ್ತಕ, 212 ವಾಯ್ಸ್ ನೋಟ್, ಒಂದು ಎಐ ವಿಡಿಯೋ: ಕಲಬುರಗಿಯ ಒಂದು ಸಣ್ಣ ಸ್ಟುಡಿಯೋ ಬಗ್ಗೆ

ಎಲ್ರಿಗೂ ನಮಸ್ಕಾರ ರಿ. ತೀರಿಹೋದವ್ರ ಫೋಟೋ ಎಐ ಒಳಗ ಹಾಕಿ ಮಾತಾಡ್ಸಿ ಕೊಡ್ತೀವಿ ಅಂತ ಈಗ ಎಲ್ಲಾ ಕಡಿ ಜಾಹೀರಾತು ಕಾಣ್ಲತ್ತಾವ, ಮದುವಿಯೊಳಗ ಎಲ್‌ಇಡಿ ಪರದಿ ಮ್ಯಾಲ ಸತ್ತ ಅಜ್ಜ ಬಂದು ಆಶೀರ್ವಾದ ಮಾಡೋ ವಿಡಿಯೋ ನೀವೂ ನೋಡಿರ್ತೀರಿ. ನಾನೂ ಅಂಥದ್ದೊಂದು ಮಾಡಿಸಿದೆ, ಆಮ್ಯಾಲ ಅದಕ್ಕಿಂತ ಪೂರ್ತಿ ಬ್ಯಾರೇ ಥರದ್ದು ಇನ್ನೊಂದು ಮಾಡಿಸಿದೆ. ಎರಡೂ ನಮ್ಮಪ್ಪನ ಸಲುವಾಗಿ. ಮೊದಲನೇದು ನಮ್ಮವ್ವ ಒಂದೇ ಸಲ ನೋಡಿ ಬಂದ್ ಮಾಡು ಅಂದ್ಳು, ಎರಡನೇದು ದಿನಾ ಸಂಜಿಗಿ ದೀಪ ಹಚ್ಚಿದ ಮ್ಯಾಲ ನೋಡ್ತಾಳ. ಈ ಎರಡರ ನಡುವ ಏನ್ ಫರಕ್ ಅದ ಅಂತ ಬರಿಬೇಕು ಅನ್ನಿಸ್ತು, ಯಾಕಂದ್ರ ಹೋದ ಜೀವದ ನೆನಪು ಇಟ್ಕೊಂಡು ಏನರೆ ಮಾಡಿಸ್ಬೇಕು ಅಂತ ಹುಡುಕೋರು ನನ್ನಂಥೋರು ಭಾಳ ಮಂದಿ ಇದ್ದಾರ, ಅವ್ರು ಮೊದ್ಲು ನಾನು ಹೋದ ಕಡಿನೇ ಹೋಗಿ ನೋವು ತಿನ್ನಬಾರ್ದು.

ನಮ್ಮಪ್ಪ ಕಲಬುರಗಿ ನೆಹರು ಗಂಜಿನಾಗ ಒಂದು ಅಡತಿ ಅಂಗಡಿಯೊಳಗ 34 ವರ್ಷ ಮುನೀಮ ಆಗಿದ್ದ. ತೊಗರಿ ಆವಕ, ಸೌದಾ, ರೈತರ ಪಟ್ಟಿ, ಹಮಾಲರ ಲೆಕ್ಕ, ಇದೇ ಅವನ ಬಾಳೇವು. 2022ರ ಶ್ರಾವಣದಾಗ ಹೋದ. ನಾನು ನೌಕ್ರಿ ಮ್ಯಾಲ ಬೀದರಿನಾಗ ಇರ್ತೀನಿ, ಅವ್ವ ಕಲಬುರಗಿ ಮನ್ಯಾಗ ಒಬ್ಬಾಕಿನೇ.

ಮೊದಲನೇ ಕೆಲಸ ಮಾಡಿದವ್ರ ಹೆಸರು ಹಾಕಲ್ಲ, ಅವ್ರು ನಮ್ಮ ಭಾಗದವ್ರೂ ಅಲ್ಲ, ಫೋನ್ ಮ್ಯಾಲೇ ಆರ್ಡರ್ ತಗೊಳ್ಳೋರು. ವರ್ಷದ ತಿಥಿಗಿ ಅಂತ ಮಾಡಿಸಿದ್ದೆ. ಒಂದು ಫೋಟೋ, ಒಂದು ನಿಮಿಷದ ದನಿ ಕಳಿಸ್ರಿ ಅಂದ್ರು, 1,499 ರೂಪಾಯಿ, ಎರಡೇ ದಿನದಾಗ ವಿಡಿಯೋ ಬಂತು. ಬರೇ ಕೆಲಸ ಅಂತ ನೋಡಿದ್ರ ಏನೂ ತಪ್ಪಿಲ್ಲ, ಕಣ್ಣು ಮಿಟುಕಸ್ತಾವ, ತುಟಿ ಅಲ್ಲಾಡ್ತಾವ, ದನಿ ಸುದ್ದಾ ಅಪ್ಪಂದೇ. ಆದ್ರ ಆ ದನಿ ಹೇಳಿದ್ದೇನು ಅಂದ್ರ "ನನ್ನ ಪ್ರೀತಿಯ ಕುಟುಂಬದವರೇ, ನಾನು ಸದಾ ನಿಮ್ಮೊಂದಿಗಿದ್ದೇನೆ, ಸಂತೋಷವಾಗಿರಿ". ನಮ್ಮಪ್ಪ ಹುಟ್ಟಿದಾಗಿನಿಂದ ಸಾಯೋತನಕ "ಸಂತೋಷವಾಗಿರಿ" ಅನ್ನೋ ಮಾತು ಬಾಯಿಂದ ತೆಗ್ದಾವ ಅಲ್ಲ. ಮನಿಗಿ ಬಂದವ್ರಿಗಿ "ಕೂಡ್ರಿ" ಅಂತಿದ್ದ, ನಮಗ "ಉಂಡೀ?" ಅಂತಿದ್ದ, ಅವನ ಪ್ರೀತಿ ಎಲ್ಲಾ ಆ ಒಂದು ಉಂಡೀ ಒಳಗೇ ಇತ್ತು. ಅವ್ವ ವಿಡಿಯೋ ನೋಡಿದ್ಳು, ಅರ್ಧಕ್ಕೇ "ಇಂವ ಯಾರವಾ? ಅವ್ರ ಮಾರಿ ಹಚ್ಕೊಂಡು ಯಾರೋ ಮಾತಾಡ್ಲತ್ತಾರ" ಅಂದು ಎದ್ದು ಒಳಗ ಹೋದ್ಳು. ಅವತ್ತು ರಾತ್ರಿ ಊಟ ಮಾಡಲಿಲ್ಲ. ತಿಥಿ ದಿನ ಅವ್ವನ್ನ ಉಪಾಸ ಕೆಡವಿದೆ ಅಂತ ನನಗ ಇವತ್ತಿಗೂ ಕೆಟ್ಟ ಅನ್ನಿಸ್ತದ.

ಎರಡನೇ ಸ್ಟುಡಿಯೋ ಬಗ್ಗೆ ನನ್ನ ಜೋಡಿ ಕೆಲಸ ಮಾಡೋ ಅಕ್ಕಾರೊಬ್ರು ಹೇಳಿದ್ರು. ಸ್ಟುಡಿಯೋ ಅಂದ್ರ ದೊಡ್ಡದೇನಲ್ಲ, ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲಿ, ಬೋರ್ಡಿಲ್ಲ, ಹೆಸರೂ ಇನ್ನಾ ಇಟ್ಟಿಲ್ಲ. ಇಬ್ರೇ ಇದ್ದಾರ. ಹುಡುಗ ಬೀದರಿನಾವ, ಮನ್ಯಾಗ ಬಿದರಿ ಕೆಲಸ ಮಾಡೋರು, ಇಂವ ಚಿತ್ರಕಲಾ ಕಲ್ತಾನ. ಹುಡುಗಿ ಶಹಾಪುರ ಕಡಿಯಾಕಿ, ಕಂಪ್ಯೂಟರ್ ಸೈನ್ಸ್. ಗ್ವಾಡಿ ಮ್ಯಾಲ ಹಳೇ ಕ್ಯಾಲೆಂಡರಿನ ಒಂದು ದೇವರ ಚಿತ್ರ, ಎಸ್.ಎಂ. ಪಂಡಿತರದು. ಪಂಡಿತರು (1916–1993) ನಮ್ಮ ಕಲಬುರಗಿಯವ್ರೇ, ಮುಂಬೈದಾಗ ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರು ಬರದು ದೇಶಕ್ಕೆಲ್ಲಾ ಹೆಸರಾದವ್ರು, ಊರಾಗ ಅವ್ರ ಹೆಸರಿನ ರಂಗಮಂದಿರಾನೂ ಅದ. ಅವ್ರ ಕ್ಯಾಲೆಂಡರ್ ನಮ್ಮ ಮನಿ ದೇವರ ಖೋಲ್ಯಾಗೂ ಇತ್ತು, ಅದನ್ನ ಅಲ್ಲಿ ನೋಡಿ ನನಗ ಸ್ವಲ್ಪ ಧೈರ್ಯ ಬಂತು ಖರೇ.

ನಾನು ಹೋದಾಕಿನೇ ಪೆನ್‌ಡ್ರೈವ್ ತೆಗ್ದು, ಫೋಟೋ ಅದ, ದನಿ ಅದ, ಮಾತಾಡಂಗ ಮಾಡಿ ಕೊಡ್ರಿ, ಆದ್ರ ನಮ್ಮ ಭಾಷಾದಾಗ ಮಾತಾಡ್ಸ್ರಿ ಅಂದೆ. ಅಂದ್ರ ನನ್ನ ತಲ್ಯಾಗ ಇದ್ದದ್ದು ಅಷ್ಟೇ, ಮೊದಲನೇ ವಿಡಿಯೋದಾಗ ಭಾಷಾ ತಪ್ಪಿತ್ತು, ಅದು ಸರಿ ಆದ್ರ ಎಲ್ಲಾ ಸರಿ ಆಗ್ತದ ಅಂತ. ಹುಡುಗ ಪೆನ್‌ಡ್ರೈವ್ ಮುಟ್ಟಲೇ ಇಲ್ಲ. "ಅಕ್ಕಾರ, ಅವ್ರು ಆಡದೇ ಇದ್ದ ಮಾತು ಅವ್ರ ಬಾಯಾಗ ನಾವು ಹಾಕಲ್ಲ ರಿ. ಅವ್ರು ಏನು ಬರಿತಿದ್ರು? ಏನು ಎಣಿಸ್ತಿದ್ರು? ಏನು ಕೂಡಿಸಿ ಇಡ್ತಿದ್ರು? ಅದು ತರ್ರಿ" ಅಂದ. ನನಗ ಸಿಟ್ಟು ಬಂತು, ದುಡ್ಡು ಕೊಡ್ತೀನಿ ಅಂದ್ರೂ ಇವ್ರು ಹಿಂಗ ಯಾಕ ಅಂತ. ಆಗ ಆ ಹುಡುಗಿ ಲ್ಯಾಪ್‌ಟಾಪಿನಾಗ ಒಂದು ಕೆಲಸದ ಬಗ್ಗೆ ತೋರಿಸಿದ್ಳು. ಅಮೇರಿಕಾದ ಕಪ್ಪು ಜನಾಂಗದ ಕಲಾವಿದೆ ಸ್ಟೆಫನಿ ಡಿಂಕಿನ್ಸ್, 2018ರಲ್ಲಿ "ನಾಟ್ ದಿ ಓನ್ಲಿ ಒನ್" ಅಂತ ಮಾಡ್ಯಾಳ, ತನ್ನ ಮನಿ ಮೂರು ತಲಿಮಾರಿನ ಹೆಣ್ಮಕ್ಳು ಬಾಯಿಲೆ ಹೇಳಿದ ಕತಿ ರೆಕಾರ್ಡ್ ಮಾಡಿ ಅದರ ಮ್ಯಾಲೇ ಒಂದು ಎಐ ಕಲಿಸ್ಯಾಳ, ನೀವು ಮಾತಾಡಿಸಿದ್ರ ಅದು ಮಾತಾಡ್ತದ. ಆದ್ರ ನಾನು ನಿಮ್ಮ ಅತ್ತಿ ಅಂತ ಅದು ನಾಟಕ ಮಾಡಲ್ಲ. ಮನಿ ಮಂದಿದು ಸ್ವಲ್ಪೇ ಡೇಟಾ, ಹಿಂಗಾಗಿ ಒಮ್ಮೊಮ್ಮಿ ತೊದಲ್ತದ, ಅಡ್ಡಾದಿಡ್ಡಿ ಮಾತಾಡ್ತದ, ಆದ್ರೂ ಅದು ಆ ಮನೀದೇ. ಆ ಹುಡುಗಿ ಅಂದ್ಳು, "ನಿಮಗ ಕಳಿಸಿದ ವಿಡಿಯೋದಾಗ ಡೇಟಾ ಯಾರ್ದು ಹೇಳ್ರಿ? ಮಾರಿ ಒಂದು ನಿಮ್ಮದು, ಉಳಿದದ್ದೆಲ್ಲಾ ಯಾರ್ಯಾರದೋ." ನನಗ ಅವ್ವ ಆಡಿದ ಮಾತೇ ನೆನಪಾಯ್ತು. ಅವ್ವ ಅಂದದ್ದೂ ಅದೇ ಅಲ್ಲೇನು.

ಅವತ್ತೇ ಸಂಜಿಮುಂದ ಮನಿಗಿ ಹೋಗಿ ಅಟ್ಟದ ಮ್ಯಾಲಿಂದ ಟ್ರಂಕ್ ಇಳಿಸಿದ್ವಿ. ಅಪ್ಪ ಅಂಗಡಿ ಕೀರ್ದಿ, ಅಂದ್ರ ದಿನದ ಲೆಕ್ಕದ ಪುಸ್ತಕ, ಅಂಗಡ್ಯಾಗ ಬರದು, ಮನಿಗಿ ಬಂದು ಮನಿ ಕೀರ್ದಿ ಬ್ಯಾರೇ ಬರಿತಿದ್ದ, ಕೆಂಪು ಅರಬಿ ಹೊದಿಕಿದು, ವರ್ಷಕ್ಕೊಂದು. 1988ರಿಂದ 2022ರ ತನಕ 35 ಇರಬೇಕಿತ್ತು, ನಾಲ್ಕು ಗೆದ್ದಲು ತಿಂದಿತ್ತು, 31 ಸಿಕ್ಕವು. ಒಳಗ ಏನದ ಅಂದ್ರ ಹಾಲು, ಎಣ್ಣಿ, ಬಸ್ ಚಾರ್ಜ್, ಅವತ್ತಿನ ತೊಗರಿ ರೇಟು, ಮಳಿ ಆದ್ರ "ಮಳಿ" ಅಂತ ಒಂದು ಅಕ್ಷರ. ಬರೇ ಲೆಕ್ಕ, ಡೈರಿ ಅಲ್ಲ ಅದು, ಒಂದು ಕಡಿನೂ ಮನಸಿನ ಮಾತಿಲ್ಲ. ನಾನು ಅದನ್ನ ಒಯ್ದು ಕೊಡುವಾಗ ಇದರಾಗ ಏನ್ ಸಿಗ್ತದಪ್ಪ ಇವ್ರಿಗಿ ಅನ್ಕೊಂಡೇ ಕೊಟ್ಟೆ.

ಎಲ್ಲಾ ಪುಸ್ತಕ ತಗೊಳ್ಳಲಿಲ್ಲ, ಆರು ಆರಿಸ್ರಿ ಅಂದ್ರು. ಇದು ನನಗ ಭಾಳ ಲಾಯಕ್ ಅನ್ನಿಸಿದ ಮಾತು, ಯಾಕಂದ್ರ ಆರಿಸೋದ್ರಾಗೇ ಒಂದು ವಾರ ಹೋಯ್ತು, ಅವ್ವ ನಾನು ಕೂತು ಯಾವ ವರ್ಷ ಏನಾಗಿತ್ತು ಅಂತ ಮಾತಾಡಿದಷ್ಟು ಅಪ್ಪ ಹೋದ ಮ್ಯಾಲ ಎಂದೂ ಮಾತಾಡಿರ್ಲಿಲ್ಲ. ಕಡೀಗಿ 1999ರಿಂದ 2002ರ ತನಕ ನಾಲ್ಕು, ಅದು ನಾನು ಧಾರವಾಡದ ಹಾಸ್ಟೆಲಿನಾಗ ಇದ್ದ ಕಾಲ. ಮತ್ತ 2017, ತೊಗರಿ ಬೆಳಿ ಭರ್ಜರಿ ಬಂದು ರೇಟು ಬಿದ್ದ ವರ್ಷ, ನಿಮಗ ನೆನಪಿರ್ತದ, ಬೋನಸ್ ಸೇರಿ ಕ್ವಿಂಟಲಿಗಿ 5,050 ರೂಪಾಯಿ ಬೆಂಬಲ ಬೆಲಿ ಇದ್ರೂ ಮಾರ್ಕೆಟ್ಟಿನಾಗ ಅದಕ್ಕಿಂತ ಕೆಳಗ ಹೋಯ್ತು, ಖರೀದಿ ಕೇಂದ್ರದ ಮುಂದ ಪಾಳಿ ಹಚ್ಚಿ ನಿಂತಿದ್ರು ರೈತರು, ಅಪ್ಪ ಆವಾಗ ಮನಿಗಿ ಬಂದು ಮಾತೇ ಆಡ್ತಿರ್ಲಿಲ್ಲ. ಇನ್ನೊಂದು 2020.

ಸ್ಕ್ಯಾನ್ ಮಾಡಿದ್ರು, ಸುಮಾರು 1,100 ಪುಟ. ಓದೋ ಸಾಫ್ಟ್‌ವೇರಿಗಿ ಅಪ್ಪನ ಅಕ್ಷರ ಬರಲಿಲ್ಲ. ಕನ್ನಡ ಮೋಡಿ ಥರ ಕೂಡಿಸಿ ಬರಿತಿದ್ದ, ಪಾವು ಅರ್ಧ ಮುಕ್ಕಾಲಿಗಿ ಹಳೇ ಗುರ್ತು ಹಾಕ್ತಿದ್ದ, ಅದು ಏನೇನೋ ಓದ್ತು. ಹಂಗಾಗಿ ನಾನೇ ಎರಡು ತಿಂಗಳ ರಾತ್ರಿ ಕೂತು ಟೈಪ್ ಮಾಡಿದೆ. ಯಾರರೆ ಇದನ್ನ ಮಾಡಸ್ಬೇಕು ಅಂದ್ರ ಈ ಕೆಲಸ ನಿಮ್ಮ ತಲಿ ಮ್ಯಾಲೇ ಬರ್ತದ ಅಂತ ಮೊದ್ಲೇ ತಿಳ್ಕೊಳ್ರಿ, ದುಡ್ಡು ಕೊಟ್ಟು ಬಿಟ್ಟು ಬರೋದಲ್ಲ ಇದು.

ಈಗ ವಾಯ್ಸ್ ನೋಟಿಂದು ಹೇಳ್ತೀನಿ, ಈ ರಿವ್ಯೂ ಬರ್ಯಾಕ ಕಾರಣಾನೇ ಇದು. 2020ರ ಮಾರ್ಚಿನಾಗ ದೇಶದ ಮೊದಲನೇ ಕೊರೋನಾ ಸಾವು ಆದದ್ದು ನಮ್ಮ ಕಲಬುರಗಿಯೊಳಗೇ. ನಾನಾಗ ಹೈದರಾಬಾದಿನಾಗ ಸಿಕ್ಕಿಬಿದ್ದಿದ್ದೆ, ಗಂಜ್ ಬಂದ್, ಅಪ್ಪ ಮನ್ಯಾಗ. ಅವನಿಗಿ ಟೈಪ್ ಮಾಡ್ಲಿಕ್ಕ ಬರ್ತಿರ್ಲಿಲ್ಲ, ಮೈಕ್ ಒತ್ತಿ ಹಿಡ್ದು ಮಾತಾಡೋದು ಅವ್ವ ಕಲಿಸಿಕೊಟ್ಟಿದ್ಳು. ಅಲ್ಲಿಂದ 2022ರ ತನಕ 212 ಉಳದಾವ. ಹೆಚ್ಚಿನವು ಐದಾರು ಸೆಕೆಂಡಿನವು. "ಏ ಯವ್ವಾ, ಉಂಡೀ?" "ಹೊರಗ ಹೋಗಬ್ಯಾಡ." "ಮಳಿ ಬಂತ ಇಲ್ಲಿ." ಆ ಹುಡುಗಿ ಮೊದಲ ದಿನ ಇವನ್ನೆಲ್ಲಾ ದನಿಯೊಳಗಿನ ಭಾವನಾ ಗುರ್ತು ಹಿಡಿಯೋ ಒಂದು ಎಐ ಒಳಗ ಹಾಕಿದ್ಳು, ಯಾವುದು ಖುಷಿ ಯಾವುದು ದುಃಖ ಅಂತ ಬಣ್ಣ ಹಚ್ಚೋ ಸಲುವಾಗಿ. ಬಂದ ಉತ್ತರ ನೋಡಿ ನಾನು ದಂಗಾದೆ. 212ರಾಗ 131ಕ್ಕ ಅದು "ಸಿಟ್ಟು" ಅಂತ ಬರದಿತ್ತು. ಉಂಡೀ ಅನ್ನೋದು ಸಿಟ್ಟು. ಹುಷಾರು ಅನ್ನೋದು ಸಿಟ್ಟು. ನನ್ನ ಹುಟ್ಟಿದ ಹಬ್ಬದ ದಿನ "ಎಷ್ಟಾದ್ವು ನಿನಗ ಈಗ" ಅಂತ ಕೇಳಿದ್ದೂ ಸಿಟ್ಟು.

ಯಾಕ ಹಿಂಗ ಅಂತ ಆಕಿ ಕೂಡಿಸಿ ತಿಳಿಸಿ ಹೇಳಿದ್ಳು. ಈ ಸಾಫ್ಟ್‌ವೇರ್ ಮಾತಿನ ಅರ್ಥ ನೋಡಲ್ಲಂತ, ದನಿ ಎಷ್ಟು ಎತ್ತರ, ಎಷ್ಟು ಜೋರು, ಎಷ್ಟು ಗಡಬಡ, ಅಕ್ಷರ ಎಷ್ಟು ಗಟ್ಟಿ ಬೀಳ್ತದ ಅಂತ ನೋಡ್ತದಂತ. ಅದನ್ನ ಕಲಿಸಿದ್ದು ಎಲ್ಲಿಂದ? ಹೆಸರಾದ ಒಂದು ಡೇಟಾ ಅದ, ರಾವ್ಡೆಸ್ ಅಂತ, 2018ರದು, ಅದರಾಗ 24 ನಟ ನಟಿಯರು ಉತ್ತರ ಅಮೇರಿಕಾದ ಇಂಗ್ಲಿಷಿನಾಗ ಸಿಟ್ಟು ದುಃಖ ಖುಷಿ ಎಲ್ಲಾ ನಟಿಸ್ಯಾರ. ಇನ್ನೊಂದು ಬರ್ಲಿನ್ನಿಂದು, 2005ರದು, ಹತ್ತು ಮಂದಿ ನಟರು ಜರ್ಮನ್ನಿನಾಗ ನಟಿಸಿದ ಸುಮಾರು 535 ವಾಕ್ಯ. ಇಂಥವುಗಳ ಮ್ಯಾಲೇ ಈ ಯಂತ್ರಗಳ ಶಾಲಿ ಶುರು ಆಗ್ಯಾದ. ಅಲ್ಲಿ ಗಟ್ಟಿ ದನಿ, ಒತ್ತಿ ಆಡಿದ ಅಕ್ಷರ ಅಂದ್ರ ಸಿಟ್ಟು. ನಮ್ಮ ಕಡಿ? ಗಂಜಿನಾಗ ಲಿಲಾವು ಕೂಗೋ ನಡುವ, ಹಮಾಲರು ಚೀಲ ಎಸಿಯೋ ನಡುವ 34 ವರ್ಷ ಮಾತಾಡಿದ ಮನಷಾ ಮೆತ್ತಗ ಹ್ಯಾಂಗ ಮಾತಾಡ್ಯಾನು ಹೇಳ್ರಿ. ಅವ ಗಟ್ಟಿಯಾಗಿ ಮಾತಾಡ್ತಿದ್ದದ್ದು ನಮಗ ಕೇಳಲಿ ಅಂತ. ಬೆಂಗಳೂರು ಮೈಸೂರು ಕಡಿಯವ್ರು ನಾವು ಮಾತಾಡಿದ್ರ ಯಾಕ ಜಗಳಾಡ್ತೀರಿ ಅಂತ ಕೇಳೋದು ನಾನು ಹಾಸ್ಟೆಲಿನಾಗೇ ಕೇಳಿ ಕೇಳಿ ಸುಸ್ತಾಗೀನಿ, ಈಗ ಮಷಿನ್ನೂ ಅದನ್ನೇ ಅಂದಾಗ ಹೊಟ್ಯಾಗ ಒಂಥರಾ ಆಯ್ತು. ಈ ಡೇಟಾದಾಗ ಜ್ವಾಳದ ರೊಟ್ಟಿ ಬಡದ ಕೈದು ಒಂದು ದನಿ ಇಲ್ಲ, ನಮ್ಮ ಹೊಲದಾಗಿನ, ನಮ್ಮ ಮಾರ್ಕೆಟ್ಟಿನಾಗಿನ ಒಂದು ದನಿ ಇಲ್ಲ, ಆದ್ರೂ ಅದು ನಮ್ಮಪ್ಪಗ ಸಿಟ್ಟು ಅಂತ ಚೀಟಿ ಹಚ್ಚಿತ್ತು.

ಬ್ಯಾರೇ ಕಡಿ ಆಗಿದ್ರ ಅದನ್ನೇ ಕೆಂಪು ಬಣ್ಣ ಮಾಡಿ ವಿಡಿಯೋ ಕೊಟ್ಟು ಕಳಿಸ್ತಿದ್ರು, ನಾನೂ ತಗೊಂಡು ಬರ್ತಿದ್ದೆ. ಇವ್ರು ಅದನ್ನ ಪೂರ್ತಿ ಬದಿಗಿಟ್ರು. ಆ ಹುಡುಗಿ ಒಂಬತ್ತು ಸಂಜಿ ನಮ್ಮ ಮನಿಗಿ ಬಂದ್ಳು, ಅವ್ವನ ಮುಂದ ಕೂತು ಒಂದೊಂದೇ ನೋಟ್ ಕೇಳಿಸೋದು, "ಆಯಿ, ಇದು ಯಾವ ದನಿ ರಿ?" ಅಂತ ಕೇಳೋದು, ಅವ್ವ ಹೇಳಿದ್ದು ಹೇಳಿದಂಗೇ ಬರಿಯೋದು. ಅವ್ವ ಖುಷಿ ದುಃಖ ಅಂತ ಒಂದೂ ಹೇಳಲಿಲ್ಲ. "ಇದು ಹಸದಾಗಿನ ದನಿ." "ಇದು ರೇಟು ಬಿದ್ದಾಗಿಂದು." "ಇದು ನಾ ಬಾಜೂಕ ಕೂತೀನಂತ ನಾಚಿ ಆಡಿದ್ದು." "ಇದು ಎದಿ ನೋಯ್ಲತ್ತಿತ್ತು, ನಿಮಗ ಗೊತ್ತಾಗಬಾರ್ದಂತ ಗಟ್ಟಿ ಮಾತಾಡ್ಯಾರ." ಈ ಕಡೀದನ್ನ ನಾನು ಎಷ್ಟೋ ಸಲ ಕೇಳಿದ್ದೆ, ನನಗ ತಿಳಿದಿರ್ಲಿಲ್ಲ. ಒಟ್ಟು ಹನ್ನೊಂದು ಥರ ಆದವು, ಹನ್ನೊಂದಕ್ಕೂ ಅವ್ವ ಇಟ್ಟ ಹೆಸರೇ.

ಇದು ಇವ್ರೇ ಕಂಡುಹಿಡಿದ ಪದ್ಧತಿ ಅಲ್ಲ ಅಂತ ಅವ್ರೇ ಹೇಳಿದ್ರು. ಲಂಡನ್ನಿನ ಆನಾ ರಿಡ್ಲರ್ ಅನ್ನೋ ಕಲಾವಿದೆ ಟ್ಯುಲಿಪ್ ಹೂವಿನ ಹತ್ತು ಸಾವಿರ ಫೋಟೋ ತಾನೇ ತೆಗ್ದು, ಪ್ರತಿಯೊಂದಕ್ಕೂ ತನ್ನ ಕೈಲೆ ಚೀಟಿ ಬರದು ಗ್ವಾಡಿಗಿ ಹಚ್ಯಾಳ, 2018ರಲ್ಲಿ. ಎಐ ಕಲಿಯೋದು ಮನುಷ್ಯಾರು ಹಚ್ಚಿದ ಚೀಟಿಯಿಂದ, ಆ ದುಡಿಮಿ ಕಾಣಲಿ ಅಂತ. ನಾನು ಆ ಫೋಟೋ ಅವ್ವಗ ತೋರಿಸಿದೆ. ಅವ್ವ ನೋಡಿ "ಹತ್ತ ಸಾವಿರ? ಕೈ ಬಿದ್ದು ಹೋಗಿರಬೇಕು ಪಾಪ" ಅಂದ್ಳು.

ಮತ್ತ ಕೀರ್ದಿ ಪುಸ್ತಕದಿಂದ ಬಂದದ್ದು. ನಾನು ಟೈಪ್ ಮಾಡುವಾಗ ಕಂಡಿತ್ತು ಆದ್ರ ಲಕ್ಷ್ಯ ಹೋಗಿರ್ಲಿಲ್ಲ, ಒಂದೊಂದೇ ಸಾಲು ನೋಡ್ದಾಗ ಕಾಣೋದಲ್ಲ ಅದು. ಹುಡುಗ ಎಲ್ಲಾ ಎಂಟ್ರಿ ಒಂದು ಉದ್ದ ಪಟ್ಟಿ ಮಾಡಿ ದಿನದ ಪ್ರಕಾರ ಚುಕ್ಕಿ ಇಟ್ಟ. ಹಾಲಿನ ಚುಕ್ಕಿ ದಿನಾ, ಎಣ್ಣಿದು ತಿಂಗಳಿಗೊಂದು. ಅದರ ನಡುವ 1999ರ ಜೂನಿನಿಂದ ಪ್ರತೀ ಐತವಾರ ಒಂದು ಚುಕ್ಕಿ, "ಎಸ್‌ಟಿಡಿ 12", "ಎಸ್‌ಟಿಡಿ 9", ಅಂದ್ರ ಬೂತಿನಿಂದ ಪರ ಊರಿಗಿ ಮಾಡಿದ ಫೋನಿನ ದುಡ್ಡು. ನಾನು ಹಾಸ್ಟೆಲಿಗಿ ಹೋದ ತಿಂಗಳು ಅದು. ಕೆಲವು ಕಡಿ "ಎಸ್‌ಟಿಡಿ 4, ಸಿಗಲಿಲ್ಲ" ಅಂತದ. ಫೋನ್ ವಾರ್ಡನ್ ಖೋಲ್ಯಾಗ ಇರ್ತಿತ್ತು, ಯಾರೋ ಎತ್ತಿ ಆಕಿ ಇಲ್ರಿ ಅಂದ್ರೂ ಬೂತಿನವ್ರಿಗಿ ದುಡ್ಡು ಕೊಡಬೇಕಲ್ಲ. ಮೂರು ವರ್ಷದಾಗ 23 ಸಲ ಸಿಗಲಿಲ್ಲ. ನಾನು ಎಲ್ಲಿ ಹೋಗಿದ್ದೆ ಅಂತ ನನಗ ಗೊತ್ತದ, ಗೆಳತ್ಯಾರ ಜೋಡಿ ಐತವಾರ ಪ್ಯಾಟಿಗಿ, ಅಪ್ಪ ಫೋನ್ ಮಾಡ್ತಾನಂತ ಗೊತ್ತಿದ್ರೂ. ಅವ ಒಂದು ದಿನಾನೂ ಕೇಳಲಿಲ್ಲ, ಯಾಕ ಇರ್ಲಿಲ್ಲ ಅಂತ. ಬರದಿಟ್ಟ ಅಷ್ಟೇ, ಲೆಕ್ಕದ ಮನಷಾ. ಪರದಿ ಮ್ಯಾಲ ಆ 23 ಚುಕ್ಕಿ ಹುಡುಗ ಬ್ಯಾರೇ ಮಾಡಿ ತೋರಿಸಿದಾಗ ನಾನು ಆ ಖೋಲ್ಯಾಗೇ ಕೂತು ಅತ್ತೀನಿ, ಇಬ್ರೂ ಸುಮ್ನೆ ಎದ್ದು ಹೊರಗ ಹೋಗಿ ನಿಂತ್ರು, ಆ ತಿಳುವಳಿಕಿಗಿ ನಾನು ಎಷ್ಟು ಸ್ಟಾರ್ ಕೊಡಲಿ.

ಕಡೀಗಿ ಬಂದ ಕೆಲಸ ಹ್ಯಾಂಗದ ಅಂದ್ರ ಟಿವಿ ಮ್ಯಾಲ ಹಚ್ಚೋ 6 ನಿಮಿಷ 40 ಸೆಕೆಂಡಿನ ವಿಡಿಯೋ, ಮುಗದ ಕೂಡ್ಲೇ ತಾನೇ ಮತ್ತ ಶುರು ಆಗ್ತದ. ಪೂರ್ತಿ ಕರೀ ನೆಲ, ಅದರ ಮ್ಯಾಲ ಬೆಳ್ಳಿ ಗೆರಿ. ನೋಡಿದ ಕೂಡ್ಲೇ ಬಿದರಿ ಹೂಜಿ ನೆನಪಾಗ್ತದ, ಮಾಡಿದಾವನ ಮನಿ ಕೆಲಸಾನೇ ಅದು ನೋಡ್ರಿ. ಬಿದರಿಯೊಳಗ ಸತುವು ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಲೆ ಕೊರದು, ಬೆಳ್ಳಿ ತಂತಿ ಕೂಡಿಸ್ತಾರ, ತಂತಿದಕ್ಕ ತಾರ್ಕಶಿ ಅಂತಾರ, ಕಡೀಗಿ ಬೀದರ್ ಕೋಟಿ ಮಣ್ಣು ನವಸಾಗರ ಹಾಕಿ ಕಾಸಿದ ನೀರಿಲೆ ತಿಕ್ಕಿದ್ರ ಉಳಿದದ್ದೆಲ್ಲಾ ಕರ್ರಗಾಗಿ ಬೆಳ್ಳಿ ಒಂದೇ ಹೊಳಿತದ. ಇಲ್ಲಿ ಬೆಳ್ಳಿ ಗೆರಿ ಅಂದ್ರ ಅಪ್ಪನ ಕೈ. ಅವನ 1,100 ಪುಟ ಹಾಕಿ ಒಂದು ಎಐ ಕಲಿಸ್ಯಾರ. ಗ್ಯಾನ್ ಅಂತಾರಂತ ಅದಕ್ಕ, ಇಯಾನ್ ಗುಡ್‌ಫೆಲೋ ಅನ್ನೋವ್ರು 2014ರಲ್ಲಿ ಮುಂದಿಟ್ಟ ಪದ್ಧತಿ. ಎರಡು ಯಂತ್ರ ಎದುರಾಬದುರಾ ಕೂಡ್ತಾವ, ಒಂದು ಅಪ್ಪನಂಗ ಗೆರಿ ಎಳದು ತೋರಿಸ್ತದ, ಇನ್ನೊಂದು ಇದು ಖರೇದಲ್ಲ ಅಂತ ತಿರುಗಿಸಿ ಕಳಿಸ್ತದ. ಗಂಜಿನಾಗ ಮುಷ್ಠಿ ತೊಗರಿ ಅಂಗೈಯಾಗ ಹಿಡ್ದು ಊದಿ ಮಾಲು ಹ್ಯಾಂಗದ ಅಂತ ಹೇಳೋರು ಇರ್ತಾರಲ್ಲ, ಅವ್ರಂಗ. ಸಾವಿರಗಟ್ಟಲೆ ಸಲ ಹಿಂಗ ಆಗಿ ಆಗಿ ಗೆರಿ ಅಪ್ಪನ ಕೈಯಂಗೇ ಬರ್ತದ, ಅದೇ ಓರೆ, ಅದೇ ಸಾಲಿನ ತುದಿಗಿ ಕೆಳಗ ಇಳಿಯೋ ಚಾಳಿ.

ಒಂದು ದಿನ ಅದು ಎಳದ ಗೆರಿ ಅಕ್ಷರದ ಹತ್ರ ಬಂದಿತ್ತು, ಏನೋ ಶಬ್ದ ಬರದಂಗ. ನನಗ ಅಂಜಿಕಿ ಬಂತು, ಆಸಿನೂ ಬಂತು, ಏನ್ ಬರಿತದ ನೋಡಬೇಕು ಅಂತ. ಹುಡುಗ ಅದನ್ನ ಅಲ್ಲಿಗೇ ತಡದ. ಅಕ್ಷರ ಆಗೋ ತನಕ ಬಿಡಬಾರ್ದು, ಕೈ ಇರ್ಲಿ ಮಾತು ಬ್ಯಾಡ, ಅಂತ ಅವ್ರ ಕಟ್ಟಳಿ. ಆವತ್ತು ನನಗ ಸ್ವಲ್ಪ ಬೇಜಾರಾಗಿತ್ತು, ಈಗ ಅದೇ ಸರಿ ಅನ್ನಿಸ್ತದ.

ಹಾಲು ಎಣ್ಣಿ ದಿನಗಳು ಸಣ್ಣ ತಂತಿ, ಮಳಿ ದಿನ ಚುಕ್ಕಿ ಚುಕ್ಕಿ, 2017 ಬಂದಾಗ ಗೆರಿ ಎಲ್ಲಾ ಒಂದರ ಮ್ಯಾಲೊಂದು ಬಿದ್ದು ಉಸಿರು ಕಟ್ಟಿದಂಗ ಆಗ್ತದ, ಐತವಾರದ ಗೆರಿ ಮಾತ್ರ ಉದ್ದ, ಪರದಿ ಈ ತುದಿಯಿಂದ ಆ ತುದಿಗಿ. ಅದರಾಗ 23 ಗೆರಿ ನಡುವಕ್ಕೇ ನಿಂತು ಬಿಡ್ತಾವ. ನಡುನಡುವ ಅಪ್ಪನ ದನಿ, ಇದ್ದದ್ದು ಇದ್ದಂಗೇ, ಒಂದಕ್ಷರ ಕೂಡಿಸಿಲ್ಲ, ಅವ್ವ ಕೊಟ್ಟ ಹನ್ನೊಂದು ಹೆಸರಿನ ಪ್ರಕಾರ ಗೆರಿ ಬಾಗ್ತಾವ, ನಡಗ್ತಾವ, ಒಮ್ಮೊಮ್ಮಿ ದಪ್ಪ ಆಗ್ತಾವ. ಒಂದೇ ಒಂದು ನೋಟಿಗಿ ಅವ್ವ ಹೆಸರು ಇಡಲಿಲ್ಲ, "ಇದಕ್ಕ ಬ್ಯಾಡ ಬಿಡು" ಅಂದಿದ್ಳು. ಅದು ಬಂದಾಗ ಪರದಿ ಪೂರ್ತಿ ಕರೀ, ದನಿ ಒಂದೇ, 11 ಸೆಕೆಂಡ್.

ದೊಡ್ಡ ದೊಡ್ಡ ಕಲಾವಿದರದ್ದೂ ಇದೇ ನೆಪದಾಗ ಯೂಟ್ಯೂಬಿನಾಗ ನೋಡಿದೆ. ಟರ್ಕಿಯ ರೆಫಿಕ್ ಅನಾಡೋಲ್ 2018ರಲ್ಲಿ ಮನುಷ್ಯಾರು ನೆನಪು ಮಾಡ್ಕೊಳ್ಳೋವಾಗ ಮಿದುಳಿನ ತರಂಗ ಇಇಜಿಲೆ ಅಳದು ಅದನ್ನೇ ಚಿತ್ರ ಮಾಡ್ಯಾನ, ನ್ಯೂಯಾರ್ಕಿನ ಮೋಮಾ ಮ್ಯೂಸಿಯಂನಾಗ 2022ರ ನವೆಂಬರಿನಿಂದ 24 ಅಡಿ ಎತ್ತರ 24 ಅಡಿ ಅಗಲದ ಪರದಿ ಮ್ಯಾಲ ಆ ಮ್ಯೂಸಿಯಂದೇ 1,38,151 ದಾಖಲಿ ಕಲ್ತ ಎಐ ಬಣ್ಣದ ಅಲಿ ಎಬ್ಬಿಸಿತ್ತು. ಕಣ್ಣಿಗಿ ಭಾಳ ಛಂದ ಅದ. ಆದ್ರ ನನ್ನ ಎದಿಗಿ ಹತ್ತಿದ್ದು ಮೆಕ್ಸಿಕೋದಾಗ ಹುಟ್ಟಿದ ರಾಫಾಯೆಲ್ ಲೊಸಾನೊ-ಹೆಮ್ಮರ್ 2006ರಲ್ಲಿ ಮಾಡಿದ "ಪಲ್ಸ್ ರೂಮ್". ಅದರಾಗ ಎಐ ಸುದ್ದಾ ಇಲ್ಲ. ಖೋಲಿ ತುಂಬ ಹಳೇ ಥರದ ಬಲ್ಬ್ ತೂಗ್ಯಾವ, ನೀವು ಒಂದು ಹಿಡಿಕಿ ಹಿಡದ್ರ ನಿಮ್ಮ ಎದಿ ಬಡಿತ ಬಲ್ಬಿಗಿ ಹೋಗಿ ಮಿಣಕ್ ಮಿಣಕ್ ಅಂತದ, ಬಿಟ್ಟ ಮ್ಯಾಲ ಅದು ಸಾಲಿಗಿ ಸೇರ್ತದ, ನಿಮ್ಮ ಹಿಂದ ಬಂದವ್ರು ಹಿಡದಂಗ ಹಿಡದಂಗ ನಿಮ್ಮದು ಮುಂದ ಮುಂದ ಹೋಗಿ ಕಡೀಗಿ ಆ ಖೋಲಿಯಿಂದ ಹೊರಗ ಬೀಳ್ತದ. ನಾನು ಅದನ್ನ ಮೊಬೈಲಿನಾಗೇ ನೋಡಿದ್ದು, ಆದ್ರೂ ಎದಿ ಹಿಡದಂಗ ಆಯ್ತು. ಒಬ್ಬ ಮನುಷ್ಯಾನ ಒಂದೇ ಒಂದು ಲೆಕ್ಕ ತಗೊಂಡು, ಅದನ್ನ ಸುಳ್ಳು ಮಾಡದೆ ಇಟ್ಟಾರಲ್ಲ, ನಮ್ಮ ಹುಡುಗರು ಮಾಡಿದ್ದೂ ಅದೇ ಸಾಲಿನ ಕೆಲಸ ಅಂತ ನನಗ ಖರೇ ಅನ್ನಿಸ್ತದ, ಸೂಪರ್ ಮಾರ್ಕೆಟ್ಟಿನ ಝೆರಾಕ್ಸ್ ಅಂಗಡಿ ಮ್ಯಾಲ ಕೂತು ಮಾಡಿದ್ರೂ.

ಈಗ ಕೊರತಿ ಹೇಳ್ತೀನಿ. ಮೂರು ವಾರ ಅಂದಿದ್ರು, ನಾನು ಟೈಪ್ ಮಾಡಿದ ಎರಡು ತಿಂಗಳು ಬಿಟ್ಟೂ ಏಳು ವಾರ ಹಿಡೀತು. ನಡುವ ಹತ್ತು ದಿನ ಫೋನೇ ಎತ್ತಲಿಲ್ಲ, ಆಮ್ಯಾಲ ಕೇಳಿದ್ರ ಕಂಪ್ಯೂಟರ್ ಸುಟ್ಟಿತ್ತು ಅಂದ್ರು, ಒಂದು ಮೆಸೇಜ್ ಹಾಕಿದ್ರ ಏನಾಗ್ತಿತ್ತು, ಅಪ್ಪನ ಪುಸ್ತಕ ಅವ್ರ ಕಡಿ ಇದ್ದವು, ನನಗ ನಿದ್ದಿ ಹತ್ತಿರ್ಲಿಲ್ಲ. 1999ರ ಪುಸ್ತಕದ ಬೆನ್ನು ಸ್ಕ್ಯಾನ್ ಮಾಡುವಾಗ ಬಿಚ್ಚಿ ಬಂತು, ಹುಡುಗ ತಾನೇ ಹೊಲದು ಕೊಟ್ಟ, ಆದ್ರೂ ಹಳೇದಂಗ ಆಗಲಿಲ್ಲ. ದನಿ ಒಂದೆರಡು ಕಡಿ ಸಣ್ಣ ಆಗ್ಯಾದ, ನಮ್ಮ ಹಳೇ ಟಿವಿ ಸ್ಪೀಕರಿನಾಗ "ಮಳಿ ಬಂತ" ಅನ್ನೋದು ಕೇಳಸಂಗಿಲ್ಲ, ಸರಿ ಮಾಡಿ ಕೊಡ್ತೀವಿ ಅಂದಾರ, ಇನ್ನಾ ಆಗಿಲ್ಲ. ರೇಟು 9,500 ತಗೊಂಡ್ರು, ಅದರಾಗ ಒಂದು ದೊಡ್ಡ ಪ್ರಿಂಟ್ ಫ್ರೇಮ್ ಹಾಕಿ ಕೊಟ್ಟಾರ. ಕಮ್ಮಿ ಅಲ್ಲ. ಆದ್ರ ಇಬ್ರ ನಾಲ್ಕು ತಿಂಗಳ ದುಡಿಮಿಗಿ ಲೆಕ್ಕ ಹಾಕಿದ್ರ ಅವ್ರಿಗೇ ಲುಕ್ಸಾನು ಆಗ್ಯಾದ ಅನ್ನಿಸ್ತದ, ಮುನೀಮನ ಮಗಳು ನಾನು, ಅಷ್ಟು ಗೊತ್ತಾಗ್ತದ.

ಒಂದು ಕಾಗದ ಬರಕೊಟ್ಟಾರ, ದನಿ ಬ್ಯಾರೇ ಯಾವುದಕ್ಕೂ ಬಳಸಲ್ಲ, ಯಾವ ಕಂಪನಿ ಸರ್ವರಿಗೂ ಏರಿಸಿಲ್ಲ, ತಮ್ಮ ಕಂಪ್ಯೂಟರಿನಾಗಿಂದು ಅಳಿಸೀವಿ ಅಂತ, ನನ್ನ ಮುಂದೇ ಅಳಿಸಿದ್ರು. ಯಾರ ಕಡಿ ಮಾಡಿಸಿದ್ರೂ ಇದನ್ನ ಕೇಳ್ರಿ. ಮೊದಲನೇದವ್ರಿಗಿ ಕಳಿಸಿದ ಒಂದು ನಿಮಿಷದ ದನಿ ಎಲ್ಲಿ ಅದ ಈಗ ಅಂತ ನನಗ ಗೊತ್ತಿಲ್ಲ, ಎರಡು ಸಲ ಮೇಲ್ ಹಾಕೀನಿ, ಉತ್ತರ ಇಲ್ಲ.

ಇನ್ನೊಂದು, ವಾಟ್ಸಾಪಿನ ವಾಯ್ಸ್ ನೋಟ್ ಇವತ್ತೇ ತೆಗ್ದು ಇಡ್ರಿ. ಆಂಡ್ರಾಯ್ಡ್ ಫೋನಿನಾಗ ವಾಟ್ಸಾಪ್ ಫೋಲ್ಡರಿನ ಮೀಡಿಯಾ ಒಳಗ ವಾಯ್ಸ್ ನೋಟ್ಸ್ ಅಂತ ಬ್ಯಾರೇನೇ ಇರ್ತದ, ಓಪಸ್ ಫೈಲ್, ಎಲ್ಲಾ ಕೂಡಿಸಿ ಪೆನ್‌ಡ್ರೈವಿಗಿ ಹಾಕ್ರಿ. ಅಪ್ಪಂದು 212 ಅಂತ ನಾನು ಹೇಳಿದ್ದು ಉಳಿದದ್ದು ಅಷ್ಟೇ, ಹಳೇ ಫೋನ್ ಬದಲಿ ಮಾಡುವಾಗ ಎಷ್ಟು ಹೋದ್ವೋ. ಸ್ಟುಡಿಯೋಕ್ಕ ಹೋಗೋರು ಮಧ್ಯಾಹ್ನ ಮೂರರ ಮ್ಯಾಲ ಹೋಗ್ರಿ, ಮುಂಜಾನಿ ಇಬ್ರೂ ಬ್ಯಾರೇ ಕೆಲಸಕ್ಕ ಹೋಗ್ತಾರ. ಮನ್ಯಾಗಿನ ಹಿರೀರನ್ನ ಕರ್ಕೊಂಡು ಹೋಗ್ರಿ, ಯಾರು ಆ ಮನುಷ್ಯಾನ ಜೋಡಿ ಹೆಚ್ಚು ದಿನ ಉಂಡಾರ ಮಲಗ್ಯಾರ ಅವ್ರನ್ನ. ನಾನು ಒಬ್ಬಾಕಿನೇ ಚೀಟಿ ಹಚ್ಚಿದ್ರ ಎದಿ ನೋವಿನ ದನಿಗಿ "ಗಟ್ಟಿ ಮಾತು" ಅಂತ ಬರಿತಿದ್ದೆ.

ಅವ್ವ ಮೊದಲ ಸಲ ಪೂರ್ತಿ ನೋಡಿದ ದಿನ ಏನೂ ಅನ್ನಲಿಲ್ಲ. ಐತವಾರದ ಗೆರಿ ನಡುವಕ್ಕ ನಿಂತಾಗ ಒಂದು ಸಲ ನನ್ನ ಕಡಿ ನೋಡಿದ್ಳು, "ಫೋನ್ ಸಿಗದ ದಿನ ಅವ್ರು ಬೂತಿನ ಹಂತ್ಯಾಕೇ ಅರ್ಧ ತಾಸು ಕೂತು ಬರ್ತಿದ್ರು, ಮತ್ತ ಹಚ್ಚಿ ನೋಡಿದೆ ಅಂತಿದ್ರು" ಅಂದ್ಳು. ಪುಸ್ತಕದಾಗ ಅದು ಇಲ್ಲ. ಹುಡುಗರಿಗಿ ಫೋನ್ ಮಾಡಿ ಹೇಳಿದೆ, ನಿಂತ ಗೆರಿ ತುದಿಗಿ ಒಂದು ಸಣ್ಣ ಬೆಳ್ಳಿ ಚುಕ್ಕಿ ಅರ್ಧ ನಿಮಿಷ ಉಳಿಯಂಗ ಮಾಡಿ ಕೊಟ್ರು, ಅದಕ್ಕ ದುಡ್ಡು ತಗೊಳ್ಳಲಿಲ್ಲ.

ಈಗ ಅವ್ವನೂ ವಾಯ್ಸ್ ನೋಟ್ ಕಳಿಸ್ತಾಳ. ಮೊದ್ಲು ಕಳಿಸ್ತಿರ್ಲಿಲ್ಲ, ಫೋನೇ ಮಾಡ್ತಿದ್ಳು. ನಾನು ಬೀದರಿನಾಗ ಆಫೀಸಿನಿಂದ ಮನಿಗಿ ಬಂದು ಚಪ್ಪಲಿ ಬಿಡೋದ್ರಾಗೇ ಟಣ್ ಅಂತದ. ಒತ್ತಿದ್ರ ಅಪ್ಪನಂಗೇ ಗಟ್ಟಿ ದನಿ, ಮೊದ್ಲು ಚೀಟಿ ತಾನೇ ಹಚ್ಚಿ ಆಮ್ಯಾಲ ಮಾತು: "ಇದು ಸಿಟ್ಟಿಂದಲ್ಲವಾ, ಹಂಗೇ ಕೇಳಿದ ದನಿ. ಉಂಡೀ?"